ಮಲ್ಲಿಗೆ ಹೂ ಬಿಡುತ್ತಿಲ್ವಾ? ಎಲೆ ಬಿಡಿ, ಕುಡಿ ನೋಡಿ

ಬೆಂಗಳೂರಿನ ತಾರಸಿಯಲ್ಲಿ ನಾನು ನೆಟ್ಟ ಮಲ್ಲಿಗೆ ಮೊದಲ ಎರಡು ವರ್ಷ ಒಂದು ಮೊಳ ಹೂವನ್ನೂ ಕೊಡಲಿಲ್ಲ. ಗಿಡವೇನೂ ಸೊರಗಿರಲಿಲ್ಲ. ಬಳ್ಳಿ ಹರಿದು ನೀರಿನ ಟ್ಯಾಂಕಿನ ಪೈಪಿಗೆ ಸುತ್ತಿಕೊಂಡಿತ್ತು. ಎಲೆ ಹಸಿರಾಗಿ ಮಿಂಚುತ್ತಿತ್ತು. ಹೂ ಮಾತ್ರ ಇಲ್ಲ. ಗೊಬ್ಬರ ಹಾಕಿದೆ, ಎಲೆ ಇನ್ನೂ ಜಾಸ್ತಿ ಆಯಿತು.

ಕೊನೆಗೆ ಊರಿಗೆ ಫೋನ್ ಮಾಡಿದೆ. ನಮ್ಮ ದೊಡ್ಡಮ್ಮ ಇರುವುದು ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ಉಡುಪಿ ಮಲ್ಲಿಗೆ ಅಂತ ಹೆಸರಾಗಿರುವ ಹೂವಿನ ಊರು ಅದು. ಅಲ್ಲಿ ಅಂಗಳದಲ್ಲಿ ಹತ್ತಿಪ್ಪತ್ತು ಬುಡ ಇರುವ ಮನೆಯವರೂ ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಮಾರುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದೊಡ್ಡಮ್ಮ ಆ ಲೆಕ್ಕದಲ್ಲೇ ಸಂಸಾರ ತೂಗಿಸಿದವರು. ನಾನು ಎಲೆಯ ಬಣ್ಣ, ಗೊಬ್ಬರದ ಹೆಸರು ಎಲ್ಲ ಹೇಳುತ್ತಾ ಹೋದೆ. ಅವರು ನಡುವೆಯೇ ತಡೆದರು. "ಎಲೆಯ ಕತೆ ಬೇಡ ಮಗಾ. ಕುಡಿ ಹೇಗುಂಟು, ಅದು ಹೇಳು."

ಕುಡಿಯನ್ನು ನಾನು ನೋಡಿಯೇ ಇರಲಿಲ್ಲ.

ಮಲ್ಲಿಗೆ ಹಳೇ ಕೊಂಬೆಯಲ್ಲಿ ಹೂ ಬಿಡುವುದಿಲ್ಲ. ಹೊಸದಾಗಿ ಒಡೆದ ಚಿಗುರಿನ ತುದಿಯಲ್ಲಿ ಮಾತ್ರ ಬಿಡುತ್ತದೆ. ಚಿಗುರು ಮೂರ್ನಾಲ್ಕು ಜೊತೆ ಎಲೆ ಬಿಟ್ಟು ತುದಿಯಲ್ಲಿ ನಿಲ್ಲುತ್ತದೆ. ಅಲ್ಲಿ ಸಾಸಿವೆಯಷ್ಟು ಚಿಕ್ಕ ಮೂರು ಮೊಗ್ಗು ಕಾಣಿಸುತ್ತವೆ. ಕೆಲವೊಮ್ಮೆ ಇನ್ನೂ ಜಾಸ್ತಿ. ನಡುವಿನ ಮೊಗ್ಗು ಮೊದಲು ಅರಳುತ್ತದೆ, ಅಕ್ಕಪಕ್ಕದ ಎರಡು ಆಮೇಲೆ. ಹಾಗಾಗಿ ಗಿಡಕ್ಕೆ ಏನಾಗಿದೆ ಅಂತ ತಿಳಿಯಲು ಬೆಳಿಗ್ಗೆ ಬೆಳಕಿನಲ್ಲಿ ನಾಲ್ಕೈದು ಕುಡಿ ಹಿಡಿದು ನೋಡಬೇಕು. ಕುಡಿ ಎಲೆಯನ್ನಷ್ಟೇ ಬಿಡುತ್ತಾ ಉದ್ದ ಹೋಗುತ್ತಿದೆಯಾ? ಚಿಗುರೇ ಇಲ್ಲದೆ ನಿಂತಿದೆಯಾ? ಅಥವಾ ಮೊಗ್ಗು ಬಂದು ಹಾಳಾಗುತ್ತಿದೆಯಾ? ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ತೊಂದರೆ ಜಾಸ್ತಿ ಆಗುತ್ತದೆ. ನನಗೆ ಆಗಿದ್ದೂ ಅದೇ.

ಇಲ್ಲಿ ಹೇಳುತ್ತಿರುವುದು ಉಡುಪಿ ಮಲ್ಲಿಗೆ, ದುಂಡು ಮಲ್ಲಿಗೆ ಜಾತಿಯ ಗಿಡಗಳಿಗೆ. ಇನ್ನೊಂದು ಮಾತು: ನವೆಂಬರ್‌ನಿಂದ ಜನವರಿವರೆಗೆ ಬೆಂಗಳೂರಿನಂಥ ಕಡೆ ರಾತ್ರಿ ಚಳಿ ಇರುತ್ತದೆ. ಆಗ ಚಿಗುರು ಬಾರದಿದ್ದರೆ ಅದು ರೋಗವಲ್ಲ, ಗಿಡ ಸುಮ್ನೆ ಮಲಗಿರುತ್ತದೆ. ಆ ಮೂರು ತಿಂಗಳು ಮದ್ದಿನ ಬಾಟಲಿ ಮುಟ್ಟಬೇಡಿ.

ಕುಡಿ ಉದ್ದ ಹೋಗುತ್ತಿದೆ, ಮೊಗ್ಗಿಲ್ಲ

ಮನೆ ಗಿಡಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದು. ಮೊದಲು ಒಂದು ಕುಡಿ ಹಿಡಿದು ಒಂದು ಜೊತೆ ಎಲೆಗೂ ಮುಂದಿನ ಜೊತೆಗೂ ಇರುವ ಅಂತರ ನೋಡಿ. ಎರಡು ಬೆರಳು ಅಗಲದಷ್ಟಿದ್ದರೆ ಸರಿ. ನಾಲ್ಕೈದು ಬೆರಳು ಇದ್ದು, ಕಾಂಡ ತೆಳ್ಳಗೆ ಬಳ್ಳಿಯ ಹಾಗೆ ಆಸರೆ ಹುಡುಕುತ್ತಿದ್ದರೆ ಗಿಡಕ್ಕೆ ಬಿಸಿಲು ಸಾಲುತ್ತಿಲ್ಲ. ಮಲ್ಲಿಗೆಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಬಾಲ್ಕನಿಯಲ್ಲಿ "ಬೆಳಕು ಚೆನ್ನಾಗಿ ಬರುತ್ತೆ" ಅನ್ನುವುದು ಬೇರೆ, ಎಲೆಯ ಮೇಲೆ ಬಿಸಿಲು ಬೀಳುವುದು ಬೇರೆ. ರಜೆ ಇರುವ ದಿನ ಗಂಟೆಗೊಮ್ಮೆ ಹೋಗಿ ನೋಡಿ, ಬರೆದಿಡಿ. ನನ್ನ ಕುಂಡಕ್ಕೆ ಮೂರೂವರೆ ಗಂಟೆ ಬಿಸಿಲು ಸಿಗುತ್ತಿತ್ತು. ಉಳಿದ ಹೊತ್ತು ಪಕ್ಕದ ಕಟ್ಟಡದ ನೆರಳು. ತಾರಸಿಯ ಇನ್ನೊಂದು ಮೂಲೆಗೆ ಸರಿಸಿದೆ. ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಬಿಸಿಲು ಸಾಕಷ್ಟಿದೆ, ಎಲೆ ಕಡುಹಸಿರು, ಅಂಗೈ ಅಗಲ, ಮೆತ್ತಗೆ ಇದೆ ಅಂದರೆ ಸಾರಜನಕ ಜಾಸ್ತಿಯಾಗಿದೆ. ಯೂರಿಯಾ, ಡಿಎಪಿ, ಇಲ್ಲವೇ ವಾರವಾರ ಸಗಣಿ ನೀರು ಹಾಕುತ್ತಿದ್ದರೆ ಹೀಗಾಗುತ್ತದೆ. ಆರು ವಾರ ಏನೂ ಹಾಕಬೇಡಿ. ಆಮೇಲೆ ಕುಂಡಕ್ಕೆ ಒಂದು ಹಿಡಿ ಎಲುಬಿನ ಪುಡಿ, ಎರಡು ಹಿಡಿ ಹಳೇ ಕೊಟ್ಟಿಗೆ ಗೊಬ್ಬರ ಸಾಕು. ಶಂಕರಪುರದ ಕಡೆ ಕಡಲೆ ಹಿಂಡಿ ನೆನೆಸಿದ ನೀರನ್ನು ಹಾಕುತ್ತಾರೆ. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಸೇರಿಸಿ, ತಿಂಗಳಿಗೊಮ್ಮೆ ಕೊಡಿ. ಗಟ್ಟಿ ನೀರನ್ನೇ ಸುರಿದರೆ ಬೇರು ಸುಡುತ್ತದೆ.

ಬಿಸಿಲೂ ಸರಿ, ಗೊಬ್ಬರವೂ ಸರಿ, ಆದರೂ ಮೊಗ್ಗಿಲ್ಲ. ಹಾಗಾದರೆ ಉಳಿದದ್ದು ಕತ್ತರಿ. ಎಷ್ಟೋ ಮನೆಗಳಲ್ಲಿ ಮಲ್ಲಿಗೆಯನ್ನು ಹಬ್ಬಲು ಬಿಡುತ್ತಾರೆ, ಸವರುವುದೇ ಇಲ್ಲ. ಹಳೇ ಕೊಂಬೆಗಳ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಚಿಗುರು, ಅದಕ್ಕೆ ತಕ್ಕಂತೆ ಅಲ್ಲೊಂದು ಇಲ್ಲೊಂದು ಹೂ. ನನಗೂ ಕತ್ತರಿಸಲು ಮನಸ್ಸು ಬಂದಿರಲಿಲ್ಲ, ಊರಿನ ಗಿಡ ಅಲ್ವಾ. ದೊಡ್ಡಮ್ಮ ಹೇಳಿದ್ದು ಇಷ್ಟೇ: "ಪಾಪ ಅಂತ ನೋಡಿದ್ರೆ ಹೂ ಸಿಗುದಿಲ್ಲ."

ಸವರಲು ಒಳ್ಳೆಯ ಹೊತ್ತು ಡಿಸೆಂಬರ್ ಕೊನೆ, ಜನವರಿ ಮೊದಲು. ಅದಕ್ಕೆ ಎರಡು ವಾರ ಮುಂಚೆ ನೀರು ಕಡಿಮೆ ಮಾಡಿ. ನೆಲದಲ್ಲಿರುವ ಗಿಡವಾದರೆ ಪೂರ್ತಿ ನಿಲ್ಲಿಸಬಹುದು, ಕುಂಡದ್ದಾದರೆ ಬಾಡದಷ್ಟು ಕೊಡಿ. ಆಮೇಲೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಎಲ್ಲ ಕೊಂಬೆ ಕತ್ತರಿಸಿ. ಒಣಗಿದ್ದು, ಒಳಗೊಳಗೇ ಹೆಣೆದುಕೊಂಡದ್ದನ್ನು ಬುಡದಿಂದಲೇ ತೆಗೆಯಿರಿ. ಉಳಿದ ಎಲೆಗಳನ್ನೂ ಕೈಯಲ್ಲಿ ಬಿಡಿಸಿ. ನೋಡಲು ಬೋಳು ಕಡ್ಡಿ ಅನ್ನಿಸುತ್ತದೆ, ಹೆದರಬೇಡಿ. ಬುಡದ ಮಣ್ಣು ಸಡಿಲಿಸಿ, ಗೊಬ್ಬರ ಹಾಕಿ, ನೀರು ಶುರು ಮಾಡಿ. ಎರಡು ಮೂರು ವಾರದಲ್ಲಿ ಗೆಣ್ಣುಗೆಣ್ಣಿಗೂ ಚಿಗುರು ಒಡೆಯುತ್ತದೆ. ಮಾರ್ಚ್ ಹೊತ್ತಿಗೆ ಮೊಗ್ಗು.

ಇನ್ನೊಂದು ಚಿಕ್ಕ ಕೆಲಸವನ್ನು ವರ್ಷವಿಡೀ ಮಾಡಬೇಕು. ಒಂದು ಕುಡಿಯ ಮೊಗ್ಗುಗಳೆಲ್ಲ ಮುಗಿದ ಮೇಲೆ ಆ ತುದಿಯನ್ನು ಒಂದು ಜೊತೆ ಎಲೆಯ ಸಮೇತ ಚಿವುಟಿ. ಕೆಳಗಿನ ಜೊತೆ ಎಲೆಯ ಎರಡೂ ಕಂಕುಳಿನಿಂದ ಎರಡು ಚಿಗುರು ಬರುತ್ತವೆ. ಮೂರು ಮೊಗ್ಗು ಇದ್ದ ಕಡೆ ಮುಂದಿನ ಸಲ ಆರು. ಬೇಸಿಗೆ ಮುಗಿಯುವುದರೊಳಗೆ ಎರಡು ಮೂರು ಸುತ್ತು ಹೀಗೆ ಮಾಡಬಹುದು.

ಚಿಗುರೇ ಇಲ್ಲ, ಇಲ್ಲವೇ ಚಿಗುರು ಹಳದಿ

ಯಾವ ಎಲೆ ಹಳದಿ ಅನ್ನುವುದೇ ಇಲ್ಲಿ ಮುಖ್ಯ. ಬುಡದ ಹಳೇ ಎಲೆ ನಾಲ್ಕಾರು ಹಳದಿಯಾಗಿ ಉದುರಿದರೆ ಬಿಟ್ಟುಬಿಡಿ, ಅದಕ್ಕೆ ವಯಸ್ಸಾಗಿದೆ. ಹಳೇ ಎಲೆಗಳೆಲ್ಲ ಒಟ್ಟಿಗೆ ಮಂಕಾಗಿ ಹಳದಿಯಾದರೆ ಗೊಬ್ಬರ ಬೇಕು.

ತುದಿಯ ಎಳೇ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಬಲೆಯ ಹಾಗೆ ಕಂಡರೆ ಅದು ಕಬ್ಬಿಣದ ಕೊರತೆ. ಬೋರ್‌ವೆಲ್ ನೀರು ಹಾಕುವ ಕುಂಡಗಳಲ್ಲಿ ಇದು ಬಹಳ. ಕುಂಡದ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಸುಣ್ಣ ಬಳಿದ ಹಾಗೆ ಬಿಳಿ ಪೊರೆ ಉದುರುತ್ತದಾ? ಗಡಸು ನೀರಿನ ಸುಣ್ಣ ಅದು. ಮಣ್ಣಿನಲ್ಲೂ ಅದೇ ತುಂಬಿರುತ್ತದೆ. ಮಣ್ಣು ಕ್ಷಾರವಾದರೆ ಒಳಗೆ ಕಬ್ಬಿಣ ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ.

ಇಲ್ಲಿ ನಾನು ಒಂದು ಪೆಟ್ಟು ತಿಂದೆ. ಊರಿನಲ್ಲಿ ಮಲ್ಲಿಗೆ ಬುಡಕ್ಕೆ ಬೂದಿ ಹಾಕುವುದು ವಾಡಿಕೆ, ದೊಡ್ಡಮ್ಮನೂ ಹಾಕು ಅಂದರು. ಹಾಕಿದೆ. ಹದಿನೈದು ದಿನದಲ್ಲಿ ಚಿಗುರು ಇನ್ನೂ ಬೆಳ್ಳಗಾಯಿತು. ಅವರ ಮಾತು ತಪ್ಪಲ್ಲ, ಮಣ್ಣು ಬೇರೆ. ಕರಾವಳಿಯ ಮುರಕಲ್ಲು ಮಣ್ಣು ಭಾರೀ ಮಳೆಗೆ ತೊಳೆದು ಹುಳಿಯಾಗಿರುತ್ತದೆ, ಅಲ್ಲಿ ಬೂದಿ ಆ ಹುಳಿಯನ್ನು ತಗ್ಗಿಸುತ್ತದೆ. ನನ್ನ ಕುಂಡದಲ್ಲಿ ಮೊದಲೇ ಸುಣ್ಣ ತುಂಬಿತ್ತು, ಬೂದಿ ಅದಕ್ಕೇ ಸೇರಿತು. ಬೋರ್ ನೀರು ಹಾಕುವವರು ಬೂದಿ ಮುಟ್ಟಬೇಡಿ. ಮೊಟ್ಟೆ ಚಿಪ್ಪನ್ನೂ ಬುಡಕ್ಕೆ ಹಾಕಬೇಡಿ.

ತಕ್ಷಣಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಸಂಜೆ ಎಲೆಗೆ ಸಿಂಪಡಿಸಿ. ಹಳಬರು ಇದನ್ನೇ ಅನ್ನಭೇದಿ ಅನ್ನುತ್ತಾರೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ನೆಲದ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹಳೇ ಚೀಲ ಹಾಸಿಕೊಳ್ಳಿ. ಹಳದಿಯಾದ ಎಲೆಗಿಂತ ಮುಂದೆ ಬರುವ ಚಿಗುರಿನ ಬಣ್ಣ ನೋಡಿ ಗುಣವಾಯಿತಾ ಅಂತ ತಿಳಿಯಿರಿ. ಶಾಶ್ವತ ಪರಿಹಾರ ಮಳೆನೀರು. ಜೂನ್‌ನಲ್ಲಿ ಕುಂಡಗಳನ್ನು ಮಳೆಗೆ ಬಿಟ್ಟು ಚೆನ್ನಾಗಿ ತೊಳೆಯಿಸಿ, ತೂತಿನಿಂದ ನೀರು ಹರಿದುಹೋಗಲಿ. ಹಿಡಿದಿಟ್ಟ ಮಳೆನೀರು ಇದ್ದರೆ ಮಲ್ಲಿಗೆಗೆ ಮೊದಲ ಪಾಲು ಕೊಡಿ.

ಎಲೆಯ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಹಳದಿ ಚುಕ್ಕಿಗಳು ಇದ್ದು, ಮುಟ್ಟಿದರೆ ಧೂಳು ಹಿಡಿದ ಹಾಗೆ ಒರಟಾಗಿದ್ದರೆ ಕೆಂಪು ನುಸಿ. ಒಂದು ಬಿಳಿ ಕಾಗದ ಎಲೆಯ ಕೆಳಗೆ ಹಿಡಿದು ಕೊಂಬೆಯನ್ನು ತಟ್ಟಿ. ಬಿದ್ದ ಧೂಳಿನಲ್ಲಿ ಕೆಲವು ಕಣ ನಡೆಯಲು ಶುರು ಮಾಡಿದರೆ ಅನುಮಾನವೇ ಬೇಡ. ಏಪ್ರಿಲ್, ಮೇ ಸೆಕೆಯಲ್ಲಿ ಜಾಸ್ತಿ. ಪೈಪಿನಿಂದ ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆಯಿರಿ, ಮೂರು ದಿನಕ್ಕೊಮ್ಮೆ, ಎರಡು ವಾರ. ಹೆಚ್ಚಿನ ಸಲ ಇಷ್ಟೇ ಸಾಕು. ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಹಾಕಿ ತಂಪು ಹೊತ್ತಿನಲ್ಲಿ ಸಿಂಪಡಿಸಬಹುದು. ಆದರೆ ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ, ಎರಡೂ ಸೇರಿದರೆ ಎಲೆ ಸುಡುತ್ತದೆ.

ಬಣ್ಣ ಸರಿಯಿದ್ದು ಚಿಗುರು ಮಾತ್ರ ನಿಂತಿದೆ, ನೀರು ಹಾಕಿದರೂ ಮಧ್ಯಾಹ್ನ ಬಾಡುತ್ತದೆ ಅಂದರೆ ಕುಂಡ ಬಗ್ಗಿಸಿ ಗಿಡವನ್ನು ಮಣ್ಣಿನ ಮುದ್ದೆಯ ಸಮೇತ ಹೊರಗೆಳೆಯಿರಿ. ಬೇರು ಕುಂಡದ ಗೋಡೆಗೆ ಚಾಪೆಯ ಹಾಗೆ ಸುತ್ತಿಕೊಂಡಿದ್ದರೆ ಜಾಗ ಸಾಲುತ್ತಿಲ್ಲ. ಸವರುವ ಕಾಲದಲ್ಲಿ ಹೊರಗಿನ ಬೇರನ್ನು ಮೂರರಲ್ಲಿ ಒಂದು ಪಾಲು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ. ಬೇರು ಕಂದಾಗಿ, ಹಿಡಿದೆಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಕೈಗೆ ಬಂದರೆ, ಚರಂಡಿ ವಾಸನೆ ಇದ್ದರೆ ಅದು ಕೊಳೆತ. ನೀರು ಜಾಸ್ತಿಯಾಗಿದೆ, ಇಲ್ಲವೇ ಕುಂಡದ ತೂತು ಮುಚ್ಚಿದೆ. ಕೊಳೆತದ್ದನ್ನು ಕತ್ತರಿಸಿ, ಮರಳು ಸೇರಿಸಿದ ಮಣ್ಣಿಗೆ ಹಾಕಿ ನೆರಳಿನಲ್ಲಿಡಿ. ಇನ್ನು ಮುಂದೆ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಬೇರಿನಲ್ಲಿ ಸಣ್ಣ ಸಣ್ಣ ಗಂಟು ಇದ್ದರೆ ಜಂತುಹುಳು. ಬೇವಿನ ಹಿಂಡಿ ಬೆರೆಸಿದ ಹೊಸ ಮಣ್ಣು ಕೊಡಿ, ಹಳೇ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

ಮೊಗ್ಗು ಬಂತು, ಆದರೆ ಅರಳಲಿಲ್ಲ

ಕಾಯ್ದು ಕಾಯ್ದು ಬಂದ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಒಣಗುವುದನ್ನು ನೋಡುವುದು ಕಷ್ಟ. ಇಂಥ ಮೊಗ್ಗೊಂದನ್ನು ಅಂಗೈಯಲ್ಲಿಟ್ಟು ಉಗುರಿನಿಂದ ಉದ್ದಕ್ಕೆ ಸೀಳಿ. ಮದ್ದು ಯಾವುದು ಅನ್ನುವುದು ಒಳಗೆ ಏನಿದೆ ಅನ್ನುವುದರ ಮೇಲೆ.

ಮೊಗ್ಗಿನ ಮೇಲೆ ಗುಂಡನೆಯ ತೂತು, ಒಳಗೆ ಒಂದೇ ಒಂದು ಹಸಿರು ಹುಳು, ಅದರ ಹಿಕ್ಕೆಯ ಪುಡಿ. ಇದು ಮೊಗ್ಗು ಕೊರೆಯುವ ಹುಳು. ಒಂದು ಹುಳು ಒಂದು ಮೊಗ್ಗಿಗೆ ನಿಲ್ಲುವುದಿಲ್ಲ. ಎಸಳು ತಿಂದು ಮುಗಿಸಿ ಪಕ್ಕದ್ದಕ್ಕೆ ಹೋಗುತ್ತದೆ, ಕೆಲವೊಮ್ಮೆ ನಾಲ್ಕಾರು ಮೊಗ್ಗನ್ನು ನೂಲಿನಿಂದ ಒಟ್ಟಿಗೆ ಹೆಣೆದಿರುತ್ತದೆ. ಮನೆಯ ಎರಡು ಮೂರು ಗಿಡಕ್ಕೆ ಕೈಯಿಂದ ಆರಿಸುವುದೇ ಎಲ್ಲಕ್ಕಿಂತ ಒಳ್ಳೆಯ ಮದ್ದು. ತೂತು ಬಿದ್ದ, ಹೆಣೆದುಕೊಂಡ ಮೊಗ್ಗನ್ನೆಲ್ಲ ಕಿತ್ತು ಸೋಪಿನ ನೀರಿಗೆ ಹಾಕಿ. ಬುಡಕ್ಕೆ ಬಿಸಾಡಿದರೆ ಹುಳು ಅಲ್ಲೇ ಬೆಳೆದು ಪತಂಗವಾಗುತ್ತದೆ.

ತೂತಿಲ್ಲ, ಆದರೆ ಮೊಗ್ಗಿನ ಬುಡ ಉಬ್ಬಿದೆ, ಬಣ್ಣ ನೇರಳೆ. ಸೀಳಿದರೆ ಒಳಗೆ ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ಹುಳುಗಳು, ಒಂದಕ್ಕಿಂತ ಹೆಚ್ಚು. ಇದು ಮೊಗ್ಗಿನ ನೊಣದ ಮರಿ. ಇದನ್ನು ಮೇಲೆ ಸಿಂಪಡಿಸಿ ಸೋಲಿಸಲು ಆಗುವುದಿಲ್ಲ, ಏಕೆಂದರೆ ಹುಳು ಮೊಗ್ಗಿನೊಳಗೆ ಭದ್ರವಾಗಿರುತ್ತದೆ. ಬೆಳೆದ ಮೇಲೆ ಅದು ಮಣ್ಣಿಗೆ ಬಿದ್ದು ಅಲ್ಲೇ ಕೋಶ ಕಟ್ಟುತ್ತದೆ. ಹಿಡಿಯಬೇಕಾದದ್ದು ಅಲ್ಲಿ. ಉದುರಿದ ಮೊಗ್ಗನ್ನು ದಿನಾ ಗುಡಿಸಿ ತೆಗೆಯಿರಿ. ಕುಂಡದ ಮೇಲಿನ ಒಂದಂಗುಲ ಮಣ್ಣು ಕೆರೆದು ಬಿಸಿಲಿಗೆ ಒಣಹಾಕಿ, ಜಾಗಕ್ಕೆ ಬೇವಿನ ಹಿಂಡಿ ಬೆರೆಸಿದ ಮಣ್ಣು ಹಾಕಿ. ಒಂದು ತಿಂಗಳು ಬಿಡದೆ ಮಾಡಿದರೆ ಮುಂದಿನ ಸುತ್ತಿನ ಮೊಗ್ಗು ಉಳಿಯುತ್ತದೆ.

ಎರಡಕ್ಕೂ, ಮೊಗ್ಗು ಸಾಸಿವೆಯಷ್ಟಿರುವಾಗಲೇ ಬೇವಿನ ಎಣ್ಣೆ 5 ಮಿಲಿ, ಸ್ವಲ್ಪ ಸೋಪಿನ ನೀರು, ಒಂದು ಲೀಟರ್ ನೀರು ಬೆರೆಸಿ ಸಂಜೆ ಸಿಂಪಡಿಸಿದರೆ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಇದಕ್ಕಿಂತ ಗಟ್ಟಿ ವಿಷ ಮನೆ ಮಲ್ಲಿಗೆಗೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಹೂವನ್ನು ನಾವು ಮಗುವಿನ ಜಡೆಗೆ ಮುಡಿಸುತ್ತೇವೆ, ಮೂಗಿಗೆ ಒತ್ತಿ ವಾಸನೆ ನೋಡುತ್ತೇವೆ.

ಸೀಳಿದರೆ ಒಳಗೆ ಏನೂ ಇಲ್ಲ, ಮೊಗ್ಗು ಹಾಗೇ ಉದುರುತ್ತಿದೆ ಅಂದರೆ ನೀರಿನ ಏರುಪೇರು. ಒಂದು ದಿನ ಪೂರ್ತಿ ಒಣಗಿಸಿ ಮರುದಿನ ಬಕೆಟ್ ಸುರಿದರೆ ಗಿಡ ಮೊಗ್ಗನ್ನು ಕೈಬಿಡುತ್ತದೆ. ಮೊಗ್ಗು ಇರುವಾಗ ಕುಂಡದ ಜಾಗವನ್ನೂ ಬದಲಿಸಬೇಡಿ. ಅರಳಿದ ಹೂ ಮರುದಿನ ಮಧ್ಯಾಹ್ನ ತಿಳಿ ನೇರಳೆಗೆ ತಿರುಗಿದರೆ ಚಿಂತೆ ಬೇಡ. ಮುದಿ ಹೂವಿನ ಬಣ್ಣವೇ ಅದು.

ಎಲೆ, ಮೊಗ್ಗಿನ ಮೇಲೆ ಬಿಳಿ ಉಣ್ಣೆಯಂಥ ರೋಮ ಬೆಳೆದಿದ್ದರೆ ಅದು ಇನ್ನೊಂದು ಬಗೆಯ ನುಸಿ. ಆ ಕೊಂಬೆ ಕತ್ತರಿಸಿ ಸುಡಿ, ಮೇಲೆ ಹೇಳಿದ ಗಂಧಕ ಹೊಡೆಯಿರಿ. ಇರುವೆ ಸಾಲು ಹತ್ತುತ್ತಿದ್ದರೆ, ಎಲೆಗೆ ಮಸಿ ಹಿಡಿದಿದ್ದರೆ ಕೊಂಬೆಯ ಸಂದಿಯಲ್ಲಿ ಹಿಟ್ಟು ತಿಗಣೆ ಹುಡುಕಿ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ಮಳೆಗಾಲದಲ್ಲಿ ಇಡೀ ಗಿಡ ಒಮ್ಮೆಲೇ ಬಾಡಿದರೆ

ಕರಾವಳಿ, ಮಲೆನಾಡಿನವರಿಗೆ ಇದು. ಬುಡದ ಸೊಪ್ಪು ಸರಿಸಿ ನೋಡಿ. ಕಾಂಡ ಮಣ್ಣು ಸೇರುವಲ್ಲಿ ಬಿಳಿ ಹತ್ತಿಯಂಥ ಎಳೆ, ಅದರ ನಡುವೆ ಸಾಸಿವೆಯಂಥ ಕಂದು ಕಾಳುಗಳು ಇದ್ದರೆ ಬುಡ ಕೊಳೆ ರೋಗ. ಪೂರ್ತಿ ಬಾಡಿದ ಗಿಡ ಉಳಿಯುವುದು ಕಷ್ಟ. ಸುತ್ತಲಿನ ಮಣ್ಣಿನ ಸಮೇತ ತೆಗೆದುಬಿಡಿ, ಪಕ್ಕದ ಬುಡಗಳನ್ನು ಉಳಿಸಿಕೊಳ್ಳಿ. ಅವುಗಳ ಬುಡಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಹಾಕಿ. 10 ಗ್ರಾಂ ಮೈಲುತುತ್ತು (ಕಾಪರ್ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಅಡಿಕೆ ತೋಟದವರು ಮಾಡುವ ಹಾಗೆ ಹರಿತ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಮಾಡಿದ ದಿನವೇ ಬಳಸಿ. ಸೊಪ್ಪು ಗೊಬ್ಬರವನ್ನು ಕಾಂಡಕ್ಕೆ ತಾಗಿಸದೆ ಒಂದು ಗೇಣು ದೂರ ಹರಡಿ.

ಹೂವಿದೆ, ಘಮ ಇಲ್ಲ

ಗಿಡವೇ ಬೇರೆ ಆಗಿರಬಹುದು. ನನ್ನ ಗೆಳತಿಯೊಬ್ಬರು ಮಲ್ಲಿಗೆ ಅಂತ ತಂದದ್ದು ಕಾಕಡ ಆಗಿತ್ತು. ಕಾಕಡದ ಎಳೇ ಚಿಗುರು, ಎಲೆ, ಮೊಗ್ಗಿನ ತೊಟ್ಟು ಮುಟ್ಟಿದರೆ ಮೆತ್ತನೆ ರೋಮ ಸಿಗುತ್ತದೆ, ಹೂ ಚಳಿಗಾಲದಲ್ಲಿ ಜಾಸ್ತಿ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ದುಂಡು ಮಲ್ಲಿಗೆಯ ಎಲೆ ನುಣುಪು. ಒಂದೇ ಕಡ್ಡಿಯಲ್ಲಿ ಐದಾರು ಚಿಕ್ಕ ಎಲೆ ಸೇರಿದ್ದರೆ ಅದು ಜಾಜಿ, ಅದರ ಘಮವೇ ಬೇರೆ.

ಗಿಡ ಸರಿಯಿದ್ದರೆ ಹೊತ್ತು ನೋಡಿ. ಮಲ್ಲಿಗೆ ಸಂಜೆ ಅರಳುತ್ತದೆ, ಅರಳುತ್ತಲೇ ಪರಿಮಳ ಹುಟ್ಟುತ್ತದೆ. ಕೊಯ್ದ ಮೇಲೂ ಮೊಗ್ಗಿನಲ್ಲಿ ಆ ಕೆಲಸ ನಡೆಯುತ್ತಲೇ ಇರುತ್ತದೆ, ಅದಕ್ಕೇ ಊರಿನಲ್ಲಿ ಬೆಳಿಗ್ಗೆಯೇ ಮೊಗ್ಗಾಗಿ ಕೊಯ್ಯುವುದು. ಹಿಂದಿನ ಸಂಜೆ ಅರಳಿದ್ದನ್ನು ಮರುದಿನ ಹತ್ತು ಗಂಟೆಗೆ ಕಿತ್ತು ಮೂಸಿದರೆ ಘಮ ರಾತ್ರಿಯೇ ಖರ್ಚಾಗಿರುತ್ತದೆ.

ಪರೀಕ್ಷೆ ಸುಲಭ. ಬಿಸಿಲೇರುವ ಮುಂಚೆ, ಹಾಲಿನ ಬಣ್ಣಕ್ಕೆ ತಿರುಗಿ ತುಂಬಿಕೊಂಡಿರುವ ಐದು ಮೊಗ್ಗು ಕೊಯ್ಯಿರಿ. ಹಸಿರು ಛಾಯೆ ಇರುವುದು ಬೇಡ, ಅದು ಅರಳುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ತಂಪು ಮೂಲೆಯಲ್ಲಿಡಿ. ಸಂಜೆ ಆರಕ್ಕೆ ಬಿಚ್ಚಿ ಒಂದು ಬಟ್ಟಲಿಗೆ ಹಾಕಿ ದೇವರ ಮುಂದೆಯೋ ಮೇಜಿನ ಮೇಲೋ ಇಡಿ. ಎಂಟು ಗಂಟೆಗೆ ಹೊರಗಿನಿಂದ ಆ ಕೋಣೆಗೆ ಬನ್ನಿ. ಬಾಗಿಲಲ್ಲೇ ಘಮ ಸಿಕ್ಕಿದರೆ ಗಿಡದಲ್ಲಿ ದೋಷವಿಲ್ಲ, ಕೊಯ್ಯುವ ಹೊತ್ತು ಬದಲಿಸಿ. ಬಟ್ಟಲಿಗೆ ಮೂಗು ಹಿಡಿದರೂ ಸಿಗದಿದ್ದರೆ, ಮಲ್ಲಿಗೆ ಚೆನ್ನಾಗಿ ಬಿಡುವ ಮನೆಯಿಂದ ಕಡ್ಡಿ ಕೇಳಿ ತನ್ನಿ. ಮಳೆಗಾಲ ಶುರುವಾಗುವಾಗ ಮೂರು ಗೆಣ್ಣಿನ ಕಡ್ಡಿಯನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೆರಳಿನಲ್ಲಿಟ್ಟರೆ ಬೇರು ಬಿಡುತ್ತದೆ.